ಹಿತ್ತಲಿನ ಕಪ್ಪೆ ಹೊಸ ಪ್ರಭೇದವೇ?

ಪ್ರಶ್ನೆ: ನಮ್ಮ ಬಾವಿಕಟ್ಟೆಯ ಬಳಿ ಮಳೆಗಾಲ ಶುರುವಾದೊಡನೆ ಇಟ್ಟಿಗೆ ಬಣ್ಣದ ಕಪ್ಪೆಯೊಂದು ಕಾಣಿಸುತ್ತದೆ. ನನ್ನಲ್ಲಿರುವ ಪುಸ್ತಕದ ಯಾವ ಚಿತ್ರವನ್ನೂ ಅದು ಹೋಲುವುದಿಲ್ಲ. ಫೋಟೊ ಕಳಿಸಿದ್ದೇನೆ. ಇದು ಹೊಸ ಪ್ರಭೇದವಾಗಿರಬಹುದೇ? ಹಾಗಿದ್ದರೆ ನನ್ನ ಮಗಳ ಹೆಸರಿಡಬಹುದೇ?
– ಓದುಗರೊಬ್ಬರು, ಹೆಬ್ರಿ

ಉತ್ತರ: ಫೋಟೊ ಸೊಗಸಾಗಿದೆ, ಆದರೆ ಅದರಲ್ಲಿರುವುದು ಬೆನ್ನು ಮಾತ್ರ. ಕಪ್ಪೆಯ ಬೆನ್ನನ್ನು ನಾನು ನಂಬುವುದಿಲ್ಲ. ಒಂದೇ ಪ್ರಭೇದದಲ್ಲಿ ಒಂದು ಬೂದು, ಇನ್ನೊಂದು ಕೆಂಪು, ಮತ್ತೊಂದರ ನಡುಬೆನ್ನಿಗೆ ಬಿಳಿ ಗೆರೆ. ಬಣ್ಣ ನೋಡಿ ಹೆಸರಿಡಲು ಹೊರಟರೆ ಒಂದೇ ಗದ್ದೆಯಲ್ಲಿ ಬೇಕಾದಷ್ಟು ‘ಹೊಸ’ ಕಪ್ಪೆಗಳು ಸಿಕ್ಕುತ್ತವೆ! ಬೆರಳ ತುದಿಯಲ್ಲಿ ಬಿಲ್ಲೆಯಂಥ ಅಗಲವಿದೆಯೇ, ಹಿಂಗಾಲಿನ ಬೆರಳುಗಳ ನಡುವೆ ಪೊರೆ ಎಲ್ಲಿಯವರೆಗಿದೆ, ಕಣ್ಣಿನ ಹಿಂದೆ ಕಿವಿಯ ತಮಟೆ ಕಾಣುತ್ತದೆಯೇ: ನನಗೆ ಬೇಕಾದದ್ದು ಇವು.

ಇವೆಲ್ಲಕ್ಕಿಂತ ಮೊದಲು ಅದರ ಕೂಗು ಬೇಕು. ಕೂಗುವುದು ಗಂಡು, ಹೆಣ್ಣು ತನ್ನ ಪ್ರಭೇದದ ಗಂಡನ್ನು ಗುರುತಿಸುವುದೇ ಆ ಕೂಗಿನಿಂದ. ಹೆಣ್ಣುಕಪ್ಪೆ ನೆಚ್ಚಿಕೊಳ್ಳುವ ಗುರುತನ್ನು ನಾವು ಬಿಡುವುದೇಕೆ? ನಿಮ್ಮದೇ ಜಿಲ್ಲೆಯ ಮಣಿಪಾಲದ ಮುರಕಲ್ಲಿನ ಬಯಲಿನಲ್ಲಿ ಸಿಕ್ಕ ‘ಮೈಕ್ರೊಹೈಲಾ ಲ್ಯಾಟರೈಟ್’ ಎಂಬ ಪುಟ್ಟ ಕಪ್ಪೆಯ ಉದ್ದ ಎರಡು ಸೆಂಟಿಮೀಟರೂ ಇಲ್ಲ. ಕೂಗಿದರೆ ಚಿಮ್ಮಂಡೆ ಎಂದುಕೊಂಡು ಮುಂದೆ ಹೋಗಿಬಿಡುತ್ತೇವೆ. ಮೈಕಟ್ಟು, ಕೂಗು, ಡಿಎನ್ಎ ಮೂರೂ ಬೇರೆಯೆಂದು ಖಚಿತವಾದ ಮೇಲೆ, 2016ರಲ್ಲಿ ಅದಕ್ಕೆ ಹೆಸರು ಬಂತು.

ಡಿಎನ್ಎ ಇದ್ದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಹೊಸದು ಎನ್ನಬೇಕಾದರೆ ಈಗಾಗಲೇ ಹೆಸರು ಪಡೆದ ಹತ್ತಿರದ ಕಪ್ಪೆಗಳೊಂದಿಗೆಲ್ಲ ಹೋಲಿಸಬೇಕು. ನಮ್ಮಲ್ಲಿ ಕಷ್ಟವಿರುವುದು ಅಲ್ಲಿಯೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ದಕ್ಷಿಣ ಭಾರತದ ಹಲವು ಕಪ್ಪೆಗಳನ್ನು ವಿವರಿಸಿದರು. ಅವರು ಆಧಾರವಾಗಿ ಇರಿಸಿದ್ದ ಮೂಲ ಮಾದರಿಗಳು ಆಮೇಲೆ ಕಳೆದುಹೋದವು. ಹೀಗಾಗಿ ಕೊಟ್ಟಿಗೆಹಾರದ ಹೆಸರು ಹೊತ್ತ ಕಪ್ಪೆಯಂಥವು ನಿಜಕ್ಕೂ ಯಾವುವು ಎಂದು ತಿಳಿಯಲು ಅದೇ ಊರಿನ ತೊರೆಗಳಲ್ಲಿ ಮತ್ತೆ ಹುಡುಕಬೇಕಾಯಿತು. ಹೊಸ ಹೆಸರಿಡುವ ಉತ್ಸಾಹಕ್ಕಿಂತ ಹಳೆಯ ಹೆಸರಿನ ವಾರಸುದಾರರನ್ನು ಪತ್ತೆಮಾಡುವ ಈ ಕೆಲಸವನ್ನೇ ನಾನು ಹೆಚ್ಚು ಗೌರವಿಸುತ್ತೇನೆ. ಪತ್ರಿಕೆಗಳಲ್ಲಿ ಮಾತ್ರ ಅದು ಸುದ್ದಿಯಾಗುವುದಿಲ್ಲ.

ಮಗಳ ಹೆಸರು? ವ್ಯಕ್ತಿಯ ಹೆಸರಿಡಲು ಅಡ್ಡಿಯಿಲ್ಲ, ಆದರೆ ಆ ಹಕ್ಕು ಪ್ರಭೇದವನ್ನು ವಿವರಿಸಿ ಪ್ರಕಟಿಸುವವರದು. ನನ್ನನ್ನು ಕೇಳಿದರೆ ಕಪ್ಪೆಯ ನಡತೆಯಿಂದ ಹುಟ್ಟಿದ ಹೆಸರೇ ಚೆಂದ. ಮೊಟ್ಟೆಗಳಿಗೆ ಕೈಯಾರೆ ಕೆಸರು ಮೆತ್ತುವ ಉತ್ತರ ಕನ್ನಡದ ಕಪ್ಪೆಗೆ 2014ರಲ್ಲಿ ‘ಕುಂಬಾರ’ ಎಂದೇ ಹೆಸರಿಟ್ಟರು.

ಇನ್ನು ನಿಮ್ಮ ಕಪ್ಪೆ. ಗಿಡ್ಡ ಕಾಲು, ಉಬ್ಬಿದ ಮೈ ನೋಡಿದರೆ ನೆಲ ಅಗೆದು ಹೂತುಕೊಳ್ಳುವ ಗುಂಪಿನದೆಂದು ನನ್ನ ಅನುಮಾನ. ಹಾಗಿದ್ದರೆ ಹಿಂಗಾಲಿನ ಅಡಿಯಲ್ಲಿ ಸಲಿಕೆಯಂಥ ಗಟ್ಟಿ ಉಬ್ಬು ಇರಬೇಕು. ಅದಕ್ಕೀಗಾಗಲೇ ಹೆಸರಿರುವ ಸಂಭವವೇ ಹೆಚ್ಚು. ಆದರೂ ಬೆಂಗಳೂರಿನ ಹೊರವಲಯದ ಬಂಜರಿನಲ್ಲಿ ಸಿಕ್ಕ ಇಂಥದೊಂದು ಕಪ್ಪೆಗೆ 2020ರಲ್ಲಿ ನಗರದ್ದೇ ಹೆಸರು ಬಂದಿದೆ, ಆದ್ದರಿಂದ ಪೂರ್ತಿ ಆಸೆ ಬಿಡಬೇಡಿ. ಹಿಡಿದು ಬಾಟಲಿಗೆ ಹಾಕುವ ಕೆಲಸ ಮಾತ್ರ ಬೇಡ. ಕತ್ತಲಾದ ಮೇಲೆ ಮೊಬೈಲಿನಲ್ಲಿ ಕೂಗನ್ನು ಮುದ್ರಿಸಿ, ಪಕ್ಕದಿಂದ ಒಂದು, ಪಾದ ಕಾಣುವಂತೆ ಒಂದು ಚಿತ್ರ ತೆಗೆದು, ದಿನಾಂಕದೊಂದಿಗೆ ಕಳಿಸಿ.