ಕೆರೆ ಏರಿಯ ಹಾದಿಯಲ್ಲಿ ಸೈಕಲ್‌ಗೂ ವೇಗಮಿತಿ ಇದೆಯೇ?

ಪ್ರಶ್ನೆ: ನಮ್ಮ ಬಡಾವಣೆಯ ಕೆರೆ ಏರಿಯ ಮೇಲೆ ನಡೆಯುವವರು, ಓಡುವವರು, ಸೈಕಲ್‌ನವರು ಎಲ್ಲರಿಗೂ ಇರುವುದು ಒಂದೇ ಹಾದಿ. ನಾನು ಬೆಳಿಗ್ಗೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೈಕಲ್ ತುಳಿಯುತ್ತೇನೆ. ಹಿರಿಯರೊಬ್ಬರು ದಿನವೂ ಗದರುತ್ತಾರೆ. ಸೈಕಲ್‌ಗೆ ವೇಗಮಿತಿ ಎಂಬುದು ಕಾನೂನಿನಲ್ಲಿ ಇದೆಯೇ? ಓಡುವವರಿಗೆ ಯಾರೂ ಏನೂ ಹೇಳುವುದಿಲ್ಲವಲ್ಲ, ಏಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಕಟ್ಟಿಹಾಕುವುದು ಮೋಟಾರು ವಾಹನಗಳ ವೇಗವನ್ನು. ಕಾಲಲ್ಲಿ ತುಳಿಯುವ ಸೈಕಲ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಇದು ನಮ್ಮಲ್ಲಿ ಮಾತ್ರವಲ್ಲ. ಲಂಡನ್ನಿನ ರಿಚ್ಮಂಡ್ ಪಾರ್ಕ್‌ನ ರಸ್ತೆಗಳಲ್ಲಿರುವ 20 ಮೈಲಿಯ ಮಿತಿಯೂ ಸೈಕಲ್‌ಗೆ ಅನ್ವಯಿಸುವುದಿಲ್ಲ.

ಇಷ್ಟಕ್ಕೇ ಗೆದ್ದೆನೆಂದು ಬೀಗಬೇಡಿ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ‘ವಾಹನ’ ಎನ್ನುತ್ತದೆಯೇ ಹೊರತು ‘ಮೋಟಾರು ವಾಹನ’ ಎನ್ನುವುದಿಲ್ಲ. ಸಾರ್ವಜನಿಕ ದಾರಿಯಲ್ಲಿ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ಸವಾರಿ ಮಾಡಿದರೆ ಆರು ತಿಂಗಳವರೆಗೆ ಸೆರೆ, 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಗೇಟಿನಲ್ಲಿ ಸೈಕಲ್ ನಿಷೇಧದ ಫಲಕವಿದ್ದರಂತೂ ವೇಗದ ಪ್ರಶ್ನೆಯೇ ಏಳುವುದಿಲ್ಲ.

ಕಾನೂನಿಗಿಂತ ನನಗೆ ಮುಖ್ಯವೆನಿಸುವುದು ಲೆಕ್ಕ. 25 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಕಣ್ಣಿಗೆ ಕಂಡದ್ದು ತಲೆಗೆ ಹೋಗಿ ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡು ಬೇಕು. ಒಣ ನೆಲದಲ್ಲಿ ಹದವಾಗಿ ಬ್ರೇಕ್ ಹಿಡಿದರೂ ಸೈಕಲ್ ನಿಲ್ಲಲು ಇನ್ನೂ 6 ಮೀಟರ್. ಒಟ್ಟು 13 ಮೀಟರ್. 12 ಕಿ.ಮೀ. ವೇಗದಲ್ಲಿ ಇದೇ ಕೆಲಸಕ್ಕೆ 5 ಮೀಟರ್ ಸಾಕು. ಏರಿಯ ತಿರುವಿನಲ್ಲಿ, ಹೊಂಗೆ ಮರದ ಮರೆಯಿಂದ ಚೆಂಡಿನ ಹಿಂದೆ ಮಗು ಓಡಿಬರುವ ಜಾಗದಲ್ಲಿ, ನಿಮಗೆ 13 ಮೀಟರ್ ಕಾಣುತ್ತದೆಯೇ? ನಾಳೆ ಹೆಜ್ಜೆ ಹಾಕಿ ಅಳೆದು ನೋಡಿ. ಮಳೆ ಬಿದ್ದ ಟೈಲ್ಸ್ ಮೇಲೆ ಈ ಲೆಕ್ಕ ಇನ್ನಷ್ಟು ಕೆಡುತ್ತದೆ.

ಓಡುವವರ ವಿಷಯಕ್ಕೂ ಇಲ್ಲೇ ಉತ್ತರವಿದೆ. ಹವ್ಯಾಸಕ್ಕೆ ಓಡುವವರು ಗಂಟೆಗೆ 10 ಕಿ.ಮೀ. ಆಸುಪಾಸಿನಲ್ಲಿರುತ್ತಾರೆ, ಎರಡು ಮೂರು ಹೆಜ್ಜೆಯಲ್ಲಿ ನಿಲ್ಲುತ್ತಾರೆ, ಪಕ್ಕಕ್ಕೂ ಸರಿಯುತ್ತಾರೆ. ಸೈಕಲ್ ಸೇರಿ 85 ಕಿಲೋ ತೂಗುವ ನೀವು 25ರ ವೇಗದಲ್ಲಿ ಗುದ್ದಿದರೆ, 65 ಕಿಲೋದ ಓಟಗಾರ ಗುದ್ದುವುದಕ್ಕಿಂತ ಎಂಟು ಪಟ್ಟು ಶಕ್ತಿ ಇರುತ್ತದೆ. ಓಡುವವರಿಗೆ ಮಿತಿ ಬೇಡ. ಎರಡೂ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ನಾಲ್ವರು ಸಾಲಾಗಿ ಓಡುವವರಿಗೆ ಮಾತ್ರ ಯಾರಾದರೂ ಬುದ್ಧಿ ಹೇಳಬೇಕು!

ನನ್ನನ್ನು ಕೇಳಿದರೆ, ಹಾದಿ ಖಾಲಿಯಿದ್ದಾಗ 15 ಕಿ.ಮೀ., ಜನರನ್ನು ದಾಟುವಾಗ ನಡಿಗೆಗಿಂತ ತುಸು ಹೆಚ್ಚು, ಅಷ್ಟೇ. ಬೆವರು ಹರಿಯುವಂತೆ ತುಳಿಯಬೇಕೆಂದರೆ ನಸುಕಿನ ಖಾಲಿ ರಸ್ತೆಗೆ ಹೋಗಿ, ದೀಪ ಹಾಕಿಕೊಂಡು.

ಬೆಲ್ಲನ್ನು ಬೆನ್ನ ಹಿಂದೆ ಬಂದು ಬಾರಿಸಬೇಡಿ. ಬೆಚ್ಚಿಬಿದ್ದವರು ಯಾವ ಕಡೆಗೆ ಸರಿಯುತ್ತಾರೆಂದು ಅವರಿಗೇ ತಿಳಿದಿರುವುದಿಲ್ಲ. 15 ಮೀಟರ್ ದೂರದಲ್ಲೇ ಒಮ್ಮೆ ಬಾರಿಸಿ, ಅವರು ತಿರುಗಿ ನೋಡುವವರೆಗೆ ಕಾದು ಬಲಗಡೆಯಿಂದ ಹೋಗಿ. ನಾಯಿ ಹಿಡಿದವರು ಕಂಡರೆ ನಾಯಿಯನ್ನಲ್ಲ, ಹಗ್ಗವನ್ನು ನೋಡಿ. ಹಾದಿಗೆ ಅಡ್ಡಲಾಗಿ ಚಾಚಿದ ತೆಳು ಹಗ್ಗ ಬೆಳಗಿನ ಮಬ್ಬಿನಲ್ಲಿ ಕಾಣುವುದೇ ಇಲ್ಲ.