ಟೆಫ್ಲಾನ್ ಅಳತೆ 9.9 ಗಿಗಾಹರ್ಟ್ಸ್ ಹತ್ತಿರ ಯಾಕೆ ಕೆಡುತ್ತದೆ?

12 ಮಿಲಿಮೀಟರ್ ದಪ್ಪದ ಟೆಫ್ಲಾನ್ ತುಂಡು ಎಕ್ಸ್-ಬ್ಯಾಂಡ್ ವೇವ್‌ಗೈಡ್‌ನಲ್ಲಿ (ಮೈಕ್ರೋವೇವ್ ಸಾಗಿಸುವ ಲೋಹದ ಕೊಳವೆ) 9.9 ಗಿಗಾಹರ್ಟ್ಸ್ ಹತ್ತಿರ ಮಾತ್ರ ಹುಚ್ಚುಹುಚ್ಚಾದ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ತೋರಿಸುತ್ತಿದೆ ಅಂದಿರಿ. ಅಳೆಯುವ ಯಂತ್ರ ಅನಲೈಸರ್ ಮೇಲೆ ಅನುಮಾನ ಬೇಡ, ದಪ್ಪ ನೋಡಿ. ಅಲ್ಲಿ ತುಂಡು ಸರಿಯಾಗಿ ಅರ್ಧ ತರಂಗಾಂತರದಷ್ಟಾಗುತ್ತದೆ. ಎರಡೂ ಮುಖಗಳ ಪ್ರತಿಫಲನಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಎಸ್11, ಅಂದರೆ ತುಂಡಿನಿಂದ ಪ್ರತಿಫಲಿಸಿ ಬರುವ ಸಿಗ್ನಲ್‌ನ ಅಳತೆ, ಸೊನ್ನೆ ಹತ್ತಿರ ಇಳಿಯುತ್ತದೆ, ಅದರ ಫೇಸ್ (ಅಲೆಯ ಹಂತ) ಬರೀ ನಾಯ್ಸ್. ಇಂಥ ಅಳತೆಗಳಿಂದ ಪರ್ಮಿಟಿವಿಟಿ ತೆಗೆಯುವ ನಿಕಲ್ಸನ್-ರಾಸ್-ವಿಯರ್ ಲೆಕ್ಕ ಅಲ್ಲೇ ಮುಗ್ಗರಿಸುತ್ತದೆ. ಸಿಗ್ನಲ್ ನಷ್ಟ ಕಡಿಮೆ ಇರುವ ವಸ್ತುಗಳಲ್ಲಿ ಈ ಕಾಟ ಜಾಸ್ತಿ.

6 ಮಿಲಿಮೀಟರ್‌ಗೆ ಕತ್ತರಿಸಿ. ಎಕ್ಸ್-ಬ್ಯಾಂಡ್ ಪೂರ್ತಿ, 8.2ರಿಂದ 12.4 ಗಿಗಾಹರ್ಟ್ಸ್‌ವರೆಗೂ ಈ ತೊಂದರೆ ಬರುವುದಿಲ್ಲ. ಕತ್ತರಿಸಲು ಆಗದಿದ್ದರೆ, ಟೆಫ್ಲಾನ್ ಕಾಂತೀಯ ಅಲ್ಲ ಅಲ್ವಾ, ಮ್ಯೂ (ಕಾಂತೀಯ ಸ್ಪಂದನೆಯ ಅಳತೆ) 1 ಅಂತ ಹಿಡಿದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನಲ್ಲಿ ಬೇಕರ್-ಜಾರ್ವಿಸ್ ಮತ್ತು ಸಂಗಡಿಗರು 1990ರಲ್ಲಿ ಕೊಟ್ಟ ಇಟರೇಟಿವ್ (ಉತ್ತರವನ್ನು ಮತ್ತೆಮತ್ತೆ ತಿದ್ದುತ್ತಾ ಹೋಗುವ) ವಿಧಾನ ಬಳಸಿ.

ದಯವಿಟ್ಟು ವೇವ್‌ಗೈಡ್‌ನ ಅಗಲದ ಗೋಡೆಗಳ ಕಡೆ ಗಾಳಿಯ ಸಂದು ಬಿಡಬೇಡಿ. ವಿದ್ಯುತ್ ಕ್ಷೇತ್ರ ಆ ಗೋಡೆಗಳಿಗೆ ಲಂಬವಾಗಿರುತ್ತದೆ. ಚಿಕ್ಕ ಸಂದಿದ್ದರೂ ಪರ್ಮಿಟಿವಿಟಿ ಕಡಿಮೆ ಬರುತ್ತದೆ.