ಸೋದರತ್ತೆಗೆ ಅಂಡಾಶಯದ ಕ್ಯಾನ್ಸರ್ ಬಂದಿದೆ, ನನಗೂ ಅಪಾಯವಿದೆಯೇ?

ನಿಮ್ಮ ಅಪ್ಪನ ತಂಗಿಗೆ 49ನೆಯ ವಯಸ್ಸಿನಲ್ಲಿ ಅಂಡಾಶಯದ ಕ್ಯಾನ್ಸರ್ ಪತ್ತೆಯಾಗಿದೆ, ಅವರ ತಾಯಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು, ನೀವು ಮದುವೆಯಾಗಿರುವುದು ಇದೇ ಅತ್ತೆಯ ಮಗನನ್ನು ಎಂದು ಬರೆದಿದ್ದೀರಿ. 'ಹೆಂಗಸರ ಕಾಯಿಲೆ ತಾಯಿಯ ಕಡೆಯಿಂದ ಬರುತ್ತದೆ, ನಿನಗೆ ಭಯವಿಲ್ಲ' ಎನ್ನುವ ಮನೆಯವರ ಮಾತನ್ನು ದಯವಿಟ್ಟು ನಂಬಬೇಡಿ. ಸ್ತನ, ಅಂಡಾಶಯದ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ ಬಿಆರ್‌ಸಿಎ1 ಜೀನಿನ ದೋಷ ನನಗೆ ಬಂದದ್ದು ಅಪ್ಪನಿಂದಲೇ. ಅವರು ಕೊನೆಯವರೆಗೂ ಆರೋಗ್ಯವಾಗಿಯೇ ಇದ್ದರು.

ಬಿಆರ್‌ಸಿಎ1 ಇರುವುದು 17ನೆಯ ವರ್ಣತಂತುವಿನಲ್ಲಿ, ಇಂಥದೇ ಇನ್ನೊಂದು ಜೀನಾದ ಬಿಆರ್‌ಸಿಎ2 ಇರುವುದು 13ನೆಯದರಲ್ಲಿ. ಇವು ಗಂಡು-ಹೆಣ್ಣೆಂಬ ಭೇದವಿಲ್ಲದೆ ಎಲ್ಲರಲ್ಲೂ ಇರುತ್ತವೆ. ತುಂಡಾದ ಡಿಎನ್‌ಎಯನ್ನು ಸರಿಪಡಿಸುವುದು ಇವುಗಳ ಕೆಲಸ. ದೋಷವಿರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಗಂಡಸರಿಗೆ ಅಂಡಾಶಯವಿಲ್ಲ, ಹಾಗಾಗಿ ಒಂದು ತಲೆಮಾರು ಕಾಯಿಲೆಯ ಸುಳಿವೇ ಸಿಗದೆ ಹೋಗಬಹುದು.

ಸಾಮಾನ್ಯವಾಗಿ ನೂರು ಮಹಿಳೆಯರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಈ ಕ್ಯಾನ್ಸರ್ ಬರುತ್ತದೆ. ಬಿಆರ್‌ಸಿಎ1 ದೋಷವಿದ್ದರೆ ನೂರಕ್ಕೆ ಸುಮಾರು 39ರಿಂದ 58, ಬಿಆರ್‌ಸಿಎ2 ಆದರೆ 13ರಿಂದ 29. ದೋಷವಿದ್ದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ.

ಪರೀಕ್ಷೆ ಮೊದಲು ಆಗಬೇಕಾದದ್ದು ನಿಮಗಲ್ಲ, ನಿಮ್ಮ ಅತ್ತೆಗೆ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಅವರಲ್ಲಿ ಇಂಥದ್ದೇ ದೋಷ ಎಂದು ಗೊತ್ತಾದರೆ ಅದೊಂದನ್ನೇ ನಿಮ್ಮಲ್ಲಿ ಹುಡುಕಬಹುದು. ಅದು ನಿಮ್ಮಲ್ಲಿ ಇಲ್ಲವೆಂದಾದರೆ ಆ ಫಲಿತಾಂಶವನ್ನು ಧೈರ್ಯವಾಗಿ ನಂಬಬಹುದು. ಅವರನ್ನು ಬಿಟ್ಟು ನೀವೊಬ್ಬರೇ ಪರೀಕ್ಷೆ ಮಾಡಿಸಿ ಏನೂ ಸಿಗದಿದ್ದರೆ, ದೋಷ ನಿಮಗೆ ಬಂದಿಲ್ಲವೋ, ಮನೆತನದ ದೋಷ ಬೇರೆಲ್ಲೋ ಇದೆಯೋ ಎಂಬುದು ತಿಳಿಯುವುದೇ ಇಲ್ಲ. ಅವರ ಚಿಕಿತ್ಸೆಗೂ ಇದು ಬೇಕು: ಒಲಾಪರಿಬ್‌ನಂಥ ಔಷಧಗಳು ಹೆಚ್ಚು ಫಲ ಕೊಡುವುದು ಈ ದೋಷವಿರುವವರಲ್ಲೇ. ರಕ್ತ ಅಥವಾ ಎಂಜಲಿನ ಮಾದರಿ ಸಾಕು. ಈ ಎರಡೇ ಜೀನುಗಳಿಗೆ ನಿಲ್ಲಿಸದೆ ಆರ್‌ಎಡಿ51ಸಿ, ಬಿಆರ್‌ಐಪಿ1, ಲಿಂಚ್ ಸಿಂಡ್ರೋಮ್‌ಗೆ (ಕರುಳು, ಗರ್ಭಕೋಶ ಮುಂತಾದ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ ಆನುವಂಶಿಕ ಸ್ಥಿತಿ) ಸಂಬಂಧಿಸಿದ ಜೀನುಗಳನ್ನೂ ನೋಡಲು ಕೇಳಿ. ವರದಿಯಲ್ಲಿ 'ಅರ್ಥ ಖಚಿತವಾಗದ ಬದಲಾವಣೆ' ಎಂದು ಬಂದರೆ ಗಾಬರಿಯಾಗಬೇಡಿ, ಅದನ್ನು ನೆಚ್ಚಿಕೊಂಡು ಶಸ್ತ್ರಚಿಕಿತ್ಸೆಗೂ ಒಪ್ಪಬೇಡಿ.

ವರ್ಷಕ್ಕೊಮ್ಮೆ ಸಿಎ-125 ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿಸಿಕೊಂಡರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರಿದ್ದ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಹೀಗೆ ತಪಾಸಿಸಿದ ಅಧ್ಯಯನದ ಅಂತಿಮ ಫಲಿತಾಂಶ 2021ರಲ್ಲಿ ಬಂತು; ಸಾವುಗಳು ಕಡಿಮೆಯಾಗಿರಲಿಲ್ಲ. ಅವರು ಸಾಮಾನ್ಯ ಅಪಾಯದ ಮಹಿಳೆಯರು ನಿಜ, ಆದರೆ ದೋಷವಿರುವವರಲ್ಲೂ ಈ ತಪಾಸಣೆ ಜೀವ ಉಳಿಸುತ್ತದೆ ಎಂಬುದು ಸಾಬೀತಾಗಿಲ್ಲ. ಅಪಾಯವನ್ನು ನಿಜವಾಗಿ ತಗ್ಗಿಸುವುದು ಅಂಡಾಶಯ ಮತ್ತು ಅಂಡವನ್ನು ಗರ್ಭಕೋಶಕ್ಕೆ ಒಯ್ಯುವ ಫೆಲೋಪಿಯನ್ ನಾಳಗಳನ್ನು ತೆಗೆಸುವುದು: ಮಕ್ಕಳಾದ ಮೇಲೆ, ಬಿಆರ್‌ಸಿಎ1 ಇದ್ದರೆ 35-40ರೊಳಗೆ, ಬಿಆರ್‌ಸಿಎ2 ಇದ್ದರೆ 40-45ರೊಳಗೆ. ನಾಳಗಳನ್ನು ಬಿಡುವಂತಿಲ್ಲ, ಏಕೆಂದರೆ ಈ ಕ್ಯಾನ್ಸರ್ ಬಹುಪಾಲು ಹುಟ್ಟುವುದೇ ನಾಳದ ಜಾಲರಿಯಂಥ ತುದಿಯಲ್ಲಿ. ತೆಗೆದ ನಾಳವನ್ನು ಎರಡು ಮೂರು ಮಿಲಿಮೀಟರ್‌ನಷ್ಟು ತೆಳ್ಳಗೆ ಸೀಳಿ ಪರೀಕ್ಷಿಸುವಂತೆ ಮೊದಲೇ ಹೇಳಿಡಿ. ನಾನು ತೆಗೆಸಿಕೊಂಡಿದ್ದೇನೆ. ಮುಟ್ಟು ಒಮ್ಮೆಲೇ ನಿಂತಾಗಿನ ಮೈಬಿಸಿ, ನಿದ್ದೆಗೇಡು ಸಣ್ಣ ಕಷ್ಟವಲ್ಲ. ಸ್ತನ ಕ್ಯಾನ್ಸರ್ ಬಂದಿರದ ಕಾರಣ ವೈದ್ಯರು ಹಾರ್ಮೋನು ಕೊಟ್ಟರು, ತಡೆದುಕೊಳ್ಳುವಂತಾಯಿತು.

ಇನ್ನು ನಿಮ್ಮ ಪತಿ. ಅತ್ತೆಯಲ್ಲಿ ದೋಷ ಕಂಡರೆ ಅದು ಅವರಿಗೆ ಬಂದಿರುವ ಸಾಧ್ಯತೆ ನಿಮಗಿಂತ ಹೆಚ್ಚು. ಅವರದು ಅರ್ಧ, ನಿಮ್ಮದು ಕಾಲು ಭಾಗ. ಬಿಆರ್‌ಸಿಎ2 ದೋಷ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುತ್ತದೆ, ಅವರಿಗೂ ಸ್ತನ ಕ್ಯಾನ್ಸರ್ ಬರಬಹುದು. ಸಂಬಂಧದಲ್ಲೇ ಮದುವೆಯಾದವರು ಗಮನಿಸಬೇಕಾದ ಇನ್ನೊಂದು ವಿಷಯ: ಬಿಆರ್‌ಸಿಎ2 ದೋಷ ತಂದೆ ತಾಯಿ ಇಬ್ಬರಿಂದಲೂ ಒಂದೇ ಮಗುವಿಗೆ ಬಂದರೆ ಫ್ಯಾಂಕೋನಿ ಅನೀಮಿಯಾ ಎಂಬ ಗಂಭೀರ ಕಾಯಿಲೆಯಾಗುತ್ತದೆ. ಹಾಗಾಗಿ ಮಕ್ಕಳ ಯೋಚನೆಯಿದ್ದರೆ ಅದಕ್ಕೆ ಮೊದಲೇ, ಅತ್ತೆಯ ವರದಿ ಹಿಡಿದು, ಇಬ್ಬರೂ ಒಟ್ಟಿಗೆ ಆನುವಂಶಿಕ ಸಮಾಲೋಚಕರನ್ನು ಕಾಣಿರಿ.